ತಟ್ಟಿದರೆ ತಿರುಗಿ ನೋಡುವ ಬೊಂಬೆ

ಆಗತಾನೇ ನಡೆಯಲು ಕಲಿತ ಮಗು ಅಂಗಳದಲ್ಲಿ ಎಡವಿ ಬೀಳುತ್ತದೆ, ಅಳತೊಡಗುತ್ತದೆ. ಅಜ್ಜಿ ಓಡಿಬಂದು ಅದನ್ನು ಎತ್ತಿಕೊಂಡು, "ಈ ನೆಲ ತಾನೆ ನನ್ನ ಕಂದನನ್ನು ಬೀಳಿಸಿದ್ದು? ಹೊಡಿ ಅದಕ್ಕೆ!" ಎಂದು ತಾನೂ ನೆಲಕ್ಕೆ ಒಂದು ಪೆಟ್ಟು ಕೊಡುತ್ತಾಳೆ, ಮಗುವಿನ ಕೈಯಿಂದಲೂ ಒಂದು ಪೆಟ್ಟು ಕೊಡಿಸುತ್ತಾಳೆ. ಅಳು ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ನಿತ್ಯವೂ ಕಾಣಬರುವ ಈ ಸಣ್ಣ ನಾಟಕದಲ್ಲಿ ನೆಲದ ಪಾತ್ರವೆಂದರೆ ಸುಮ್ಮನಿರುವುದಷ್ಟೆ. ಹೊಡೆದರೂ ಅದು ಸುಮ್ಮನೆ, ಮುದ್ದಿಸಿದರೂ ಸುಮ್ಮನೆ. ನೆಲ ಬೇರೆ, ಅಜ್ಜಿ ಬೇರೆ ಎಂಬುದನ್ನು ಮಗು ಕ್ರಮೇಣ ತಾನೇ ಅರಿತುಕೊಳ್ಳುತ್ತದೆ. ಅಜ್ಜಿಯನ್ನು ಹೊಡೆದರೆ ಅವಳ ಮುಖ ಬಾಡುತ್ತದೆ. ನೆಲಕ್ಕೆ ಬಾಡುವ ಮುಖವೇ ಇಲ್ಲ.

ಈಗ ಆ ನೆಲಕ್ಕೂ ಒಂದು ಮುಖ ಬಂದಿತೆಂದು ಭಾವಿಸೋಣ. ಹೊಡೆದಾಗ ನೋವಿನ ದನಿ ಹೊರಡಿಸುವ, ಸವರಿದಾಗ ಕಣ್ಣುಮುಚ್ಚಿ ಸುಖಪಡುವ, ಕರೆದಾಗ ತಿರುಗಿ ನೋಡುವ ನಿರ್ಜೀವ ವಸ್ತುವೊಂದು ಮಗುವಿನ ಕೈಗೆ ಸಿಕ್ಕಿದರೆ ಏನಾದೀತು? ಇದು ಬರಿಯ ಕಲ್ಪನೆಯ ಮಾತಲ್ಲ. ಜಪಾನ್, ಕೊರಿಯ, ಅಮೆರಿಕ ಮೊದಲಾದ ದೇಶಗಳಲ್ಲಿ ಇಂಥ ಯಂತ್ರಗಳನ್ನು ಕಟ್ಟಿ, ಮಕ್ಕಳ ನಡುವೆ ಇರಿಸಿ ಪರೀಕ್ಷಿಸಿದ್ದಾರೆ. ಕೆಲವು ಅಂಗಡಿಗಳಿಗೂ ಬಂದಿವೆ. ಇವಕ್ಕೆ ಒಡನಾಡಿ ರೋಬಾಟುಗಳೆಂದು ಹೆಸರಿಡಬಹುದು. ಮಗುವಿನ ನಡವಳಿಕೆಗೆ ಇವು ಹೇಗೆ ಉತ್ತರ ಕೊಡುತ್ತವೆ, ಆ ಉತ್ತರದಿಂದ ಮಗುವಿನ ಮೇಲೆ ಆಗುವ ಪರಿಣಾಮವೇನು ಎಂಬ ಎರಡು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಎರಡು ವಾಲ್ವುಗಳ ಆಮೆ

'ರೋಬಾಟ್' ಎಂಬ ಶಬ್ದವನ್ನು ಲೋಕದ ಬಳಕೆಗೆ ತಂದುದು ಚೆಕ್ ನಾಟಕಕಾರ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ಒಂದು ನಾಟಕ. ಚೆಕ್ ಭಾಷೆಯಲ್ಲಿ 'ರೊಬೊಟ' ಎಂದರೆ ಬಿಟ್ಟಿ ದುಡಿಮೆ. ಕಾರ್ಖಾನೆಗಳಲ್ಲಿ ಬೆಸುಗೆ ಹಾಕುವ, ಬಣ್ಣ ಬಳಿಯುವ ರೋಬಾಟುಗಳು ಆ ಹೆಸರಿಗೆ ತಕ್ಕಂತೆ ದುಡಿಯುತ್ತಲೇ ಇವೆ. ಒಡನಾಡಿ ರೋಬಾಟಾದರೋ ಭಾರ ಹೊರುವುದಿಲ್ಲ, ಬೆಸುಗೆ ಹಾಕುವುದಿಲ್ಲ. ತನ್ನ ಮುಂದಿರುವವರು ಮಾಡಿದುದಕ್ಕೆ ಪ್ರತಿಯಾಗಿ ಏನನ್ನಾದರೂ ಮಾಡುವುದೇ ಅದರ ಕೆಲಸ.

ಈ ಜಾತಿಯ ಯಂತ್ರಗಳ ಹಿರಿಯರನ್ನು ಹುಡುಕಹೊರಟರೆ ನಾವು ಇಂಗ್ಲೆಂಡಿನ ಬ್ರಿಸ್ಟಲ್ ನಗರಕ್ಕೆ ಹೋಗಬೇಕು. ಅಲ್ಲಿನ ಬರ್ಡನ್ ನರವಿಜ್ಞಾನ ಸಂಸ್ಥೆಯಲ್ಲಿದ್ದ ಗ್ರೇ ವಾಲ್ಟರ್ ಎಂಬ ವಿಜ್ಞಾನಿ 1948-49ರಲ್ಲಿ ಮೂರು ಗಾಲಿಗಳ ಎರಡು ಪುಟ್ಟ ಯಂತ್ರಗಳನ್ನು ಕಟ್ಟಿ, ಅವಕ್ಕೆ ಎಲ್ಮರ್, ಎಲ್ಸಿ ಎಂದು ಹೆಸರಿಟ್ಟ. ಮೇಲೆ ಚಿಪ್ಪಿನಂಥ ಹೊದಿಕೆಯಿದ್ದುದರಿಂದ ಅವು ಆಮೆಗಳೆಂದೇ ಪ್ರಸಿದ್ಧವಾದುವು. ಒಂದೊಂದರಲ್ಲೂ ಇದ್ದುದು ರೇಡಿಯೋ ಪೆಟ್ಟಿಗೆಗಳಲ್ಲಿ ಬಳಸುತ್ತಿದ್ದಂಥ ಎರಡೇ ವಾಲ್ವುಗಳು, ಬೆಳಕನ್ನು ಗುರುತಿಸುವ ಒಂದು ದ್ಯುತಿಕೋಶ, ಚಿಪ್ಪು ಯಾವುದಕ್ಕಾದರೂ ತಾಗಿದರೆ ಮುಚ್ಚಿಕೊಳ್ಳುವ ಒಂದು ಸ್ವಿಚ್ಚು. ಹದವಾದ ಬೆಳಕು ಕಂಡರೆ ಆಮೆ ಅದರತ್ತ ಸಾಗುತ್ತಿತ್ತು; ಬೆಳಕು ಅತಿ ತೀಕ್ಷ್ಣವಾದರೆ ದೂರ ಸರಿಯುತ್ತಿತ್ತು; ಗೋಡೆಗೋ ಮೇಜಿನ ಕಾಲಿಗೋ ತಾಗಿದರೆ ಅತ್ತಿತ್ತ ಹೊರಳಿ ದಾರಿ ಮಾಡಿಕೊಳ್ಳುತ್ತಿತ್ತು. ನೋಡಿದವರು ಈ ಚಲನೆಯಲ್ಲಿ ಕುತೂಹಲವನ್ನೂ ಅಂಜಿಕೆಯನ್ನೂ ಹಟವನ್ನೂ ಕಂಡರು. 1951ರಲ್ಲಿ ನಡೆದ ಬ್ರಿಟನ್ ಉತ್ಸವದಲ್ಲಿ ಇಂಥ ಆಮೆಗಳು ಜನರನ್ನು ಬೆರಗುಗೊಳಿಸಿದುವು. ಎರಡು ವಾಲ್ವುಗಳಲ್ಲಿ ಕುತೂಹಲವಾಗಲಿ ಹಟವಾಗಲಿ ಎಲ್ಲಿಂದ ಬರಬೇಕು? ಅವು ಇದ್ದುದು ನೋಡುವವರ ಮನಸ್ಸಿನಲ್ಲಿ.

ಇಂದಿನ ರೋಬಾಟು ಆ ಆಮೆಗಿಂತ ಎಷ್ಟೋ ಪಾಲು ಜಟಿಲವಾಗಿದ್ದರೂ ಅದರ ಕಾರ್ಯಕ್ರಮ ಅದೇ ಮೂರು ಹಂತಗಳದು: ಗ್ರಹಣ, ನಿರ್ಣಯ, ಕ್ರಿಯೆ. ಸಂವೇದಕಗಳು, ಎಂದರೆ ಯಂತ್ರದ ಇಂದ್ರಿಯಗಳು, ಹೊರಗೆ ನಡೆದುದನ್ನು ಅಂಕೆಗಳಾಗಿ ಮಾರ್ಪಡಿಸುತ್ತವೆ. ಒಳಗಿರುವ ಗಣಕಯಂತ್ರ ಆ ಅಂಕೆಗಳನ್ನು ತನಗೆ ವಿಧಿಸಿರುವ ನಿಯಮಗಳಿಗೆ ಹೋಲಿಸಿ ನೋಡುತ್ತದೆ. ಮೋಟಾರುಗಳೂ ಧ್ವನಿವರ್ಧಕವೂ ಉತ್ತರ ಕೊಡುತ್ತವೆ. ಮನೆಯ ರೆಫ್ರಿಜರೇಟರಿನಲ್ಲಿಯೂ ಇದೇ ಕ್ರಮವುಂಟು: ಒಳಗಿನ ಉಷ್ಣತೆ ಏರಿದರೆ ಯಂತ್ರ ಓಡುತ್ತದೆ, ಇಳಿದರೆ ನಿಲ್ಲುತ್ತದೆ. ಆದರೆ ಒಂದು ಮುಖ್ಯ ವ್ಯತ್ಯಾಸವನ್ನು ವಾಚಕರು ಗಮನಿಸಬೇಕು. ರೆಫ್ರಿಜರೇಟರಿನೊಳಗಿನ ಹಾಲಿಗೆ ಯಂತ್ರದ ವಿಚಾರ ಏನೂ ತಿಳಿಯದು. ಒಡನಾಡಿ ರೋಬಾಟಿನ ಎದುರಿಗೆ ಇರುವುದು ಮಗು. ಅದೂ ಗ್ರಹಿಸುತ್ತದೆ, ನಿರ್ಣಯಿಸುತ್ತದೆ, ಮರಳಿ ಏನನ್ನಾದರೂ ಮಾಡುತ್ತದೆ. ಒಂದೇ ದಾರಕ್ಕೆ ಎರಡು ಲೋಲಕಗಳನ್ನು ತೂಗುಹಾಕಿ ಒಂದನ್ನು ತೂಗಿದರೆ, ಸ್ವಲ್ಪ ಹೊತ್ತಿನಲ್ಲಿ ಇನ್ನೊಂದೂ ತೂಗತೊಡಗುವುದನ್ನು ನೀವು ಪ್ರಯೋಗಶಾಲೆಯಲ್ಲಿ ಕಂಡಿರಬಹುದು. ಅಲ್ಲಿ ಒಂದರ ಚಲನೆಯನ್ನು ಮಾತ್ರ ಅಳೆದು ಇನ್ನೊಂದನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಮಗು ಮತ್ತು ರೋಬಾಟುಗಳ ವಿಷಯವೂ ಹೀಗೆಯೇ.

ಸವರಿದ್ದೋ, ಹೊಡೆದದ್ದೋ?

ಮಗು ಮೊದಲು ಮಾಡುವುದು ಮುಟ್ಟಿ ನೋಡುವುದನ್ನು. ಆದುದರಿಂದ ಸ್ಪರ್ಶದಿಂದಲೇ ಆರಂಭಿಸೋಣ. ರೋಬಾಟಿನ ತುಪ್ಪುಳ ಅಥವಾ ಪ್ಲಾಸ್ಟಿಕ್ ಚರ್ಮದ ಕೆಳಗೆ ತೆಳುವಾದ ಲೋಹದ ತಗಡುಗಳಿರುತ್ತವೆ. ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಧಾರಕದ ವಿಷಯವನ್ನು ನೀವು ಓದಿರುತ್ತೀರಿ. ಮನುಷ್ಯನ ದೇಹವೂ ವಿದ್ಯುದ್ವಾಹಕವೇ. ಬೆರಳು ತಗಡಿನ ಸಮೀಪಕ್ಕೆ ಬಂದೊಡನೆ ಅದೇ ಧಾರಕದ ಎರಡನೆಯ ಹಲಗೆಯಂತಾಗಿ, ತಗಡಿನ ಧಾರಕತೆ ಕಿಂಚಿತ್ ಹೆಚ್ಚುತ್ತದೆ. ಧಾರಕತೆ ಹೆಚ್ಚಿದರೆ ತುಂಬಲು ಬೇಕಾಗುವ ಕಾಲವೂ ಹೆಚ್ಚುತ್ತದೆ. ಈ ಕಾಲವನ್ನು ಮತ್ತೆ ಮತ್ತೆ ಅಳೆಯುತ್ತಿರುವ ಮಂಡಲಕ್ಕೆ ಬೆರಳು ಬಂದುದು ಹೀಗೆ ತಿಳಿಯುತ್ತದೆ. ಬೆನ್ನಿನುದ್ದಕ್ಕೂ ಮೂರು ತಗಡುಗಳಿದ್ದು, ಕತ್ತಿನ ಬಳಿಯದು ಮೊದಲು, ನಡುವಿನದು ಆಮೇಲೆ, ಬಾಲದ ಬಳಿಯದು ಕೊನೆಗೆ ಎಚ್ಚೆತ್ತರೆ, ಮಗು ಬೆನ್ನು ಸವರುತ್ತಿದೆ ಎಂದು ಗಣಕ ಎಣಿಸುತ್ತದೆ.

ಪೆಟ್ಟನ್ನೂ ಬೀಳುವಿಕೆಯನ್ನೂ ಅರಿಯಲು ಇನ್ನೊಂದು ಇಂದ್ರಿಯವಿದೆ, ಅದು ವೇಗೋತ್ಕರ್ಷಮಾಪಕ. ಸಿಲಿಕಾನಿನಲ್ಲಿ ಕೊರೆದ, ಕಣ್ಣಿಗೆ ಕಾಣದಷ್ಟು ಸಣ್ಣ ಸ್ಪ್ರಿಂಗುಗಳ ಮೇಲೆ ಕೂತ ಒಂದು ಅಣುಮಾತ್ರದ ತೂಕವೇ ಇದರ ಹೃದಯ. ಯಂತ್ರ ಮೇಜಿನ ಮೇಲೆ ಸುಮ್ಮನಿದ್ದಾಗ ಗುರುತ್ವದ ಕಾರಣ ಆ ತೂಕ ಸ್ಪ್ರಿಂಗನ್ನು ಒತ್ತುತ್ತದೆ. ಮಾಪಕ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್ ಎಂದು ತೋರಿಸುತ್ತದೆ. ಮಗು ಯಂತ್ರವನ್ನು ಕೈಬಿಟ್ಟಿತೆನ್ನಿ. ಬೀಳುವ ವಸ್ತುವಿನೊಳಗೆ ತೂಕದ ಅನುಭವವಿಲ್ಲವಾದ್ದರಿಂದ ಸ್ಪ್ರಿಂಗು ಸಡಿಲವಾಗಿ ಮಾಪಕ ಸೊನ್ನೆಯ ಸಮೀಪಕ್ಕೆ ಬರುತ್ತದೆ. ಒಂದು ಮೀಟರ್ ಎತ್ತರದಿಂದ ನೆಲಕ್ಕೆ ಬೀಳಲು ಹಿಡಿಯುವ ಕಾಲ ಸುಮಾರು 0.45 ಸೆಕೆಂಡ್. ನಮಗೆ ಇದು ಕಣ್ಣು ಮಿಟುಕಿಸುವ ಹೊತ್ತು. ಸೆಕೆಂಡಿಗೆ ನೂರು ಬಾರಿ ಮಾಪಕವನ್ನು ನೋಡುವ ಯಂತ್ರಕ್ಕೆ ನಲವತ್ತೈದು ವರದಿಗಳು ಬಂದು ಸೇರುವಷ್ಟು ದೀರ್ಘಕಾಲ. ನೆಲ ಮುಟ್ಟುವ ಮೊದಲೇ ಅದು ಕೂಗಿಕೊಳ್ಳಬಲ್ಲುದು. ಇದಕ್ಕೆ ವಿರುದ್ಧವಾಗಿ, ಪೆಟ್ಟು ಬಿದ್ದಾಗ ಮಾಪಕದ ಬೆಲೆ ಒಮ್ಮೆಲೇ ಚಿಮ್ಮಿ, ಸೆಕೆಂಡಿನ ಅಲ್ಪ ಭಾಗದಲ್ಲಿಯೇ ಇಳಿದುಹೋಗುತ್ತದೆ; ಹಿಡಿದು ಅಲ್ಲಾಡಿಸಿದರೆ ಬೆಲೆ ಕ್ರಮವಾಗಿ ಏರಿ ಇಳಿಯುತ್ತದೆ.

ಹೀಗೆ ಮೃದುವಾದ ಸವರುವಿಕೆ, ಪೆಟ್ಟು, ಅಲ್ಲಾಟ, ಬೀಳುವಿಕೆ ಎಲ್ಲವೂ ಯಂತ್ರದ ಪಾಲಿಗೆ ಬೇರೆಬೇರೆ ಆಕಾರದ ರೇಖೆಗಳು. ಆದರೆ ಅವು ರೇಖೆಗಳಷ್ಟೆ. ಪ್ರೀತಿ ಉಕ್ಕಿ ಬಿಗಿಯಾಗಿ ಅಪ್ಪಿಕೊಂಡ ಮಗುವಿನ ಕೈಯೂ ಸಿಟ್ಟಿನಿಂದ ಹಿಸುಕಿದ ಕೈಯೂ ಒಂದೇ ರೇಖೆಯನ್ನು ಬರೆದರೆ, ಯಂತ್ರ ಎರಡಕ್ಕೂ ಒಂದೇ ಉತ್ತರವನ್ನು ಕೊಡುತ್ತದೆ.

ಮಾತಿಗಿಂತ ಮೊದಲು ರಾಗ

ಮಗುವಿನ ಧ್ವನಿಯನ್ನು ಗುರುತಿಸುವ ಬಗೆ ಇನ್ನೂ ಸ್ವಾರಸ್ಯವಾದುದು. ಗಂಟಲಿನ ಸ್ವರತಂತುಗಳು ವಯಸ್ಕ ಪುರುಷನಲ್ಲಿ ಸೆಕೆಂಡಿಗೆ ಸುಮಾರು 120 ಬಾರಿಯೂ ಸ್ತ್ರೀಯರಲ್ಲಿ ಸುಮಾರು 210 ಬಾರಿಯೂ ಚಿಕ್ಕ ಮಕ್ಕಳಲ್ಲಿ ಸುಮಾರು 300 ಬಾರಿಯೂ ಕಂಪಿಸುತ್ತವೆ. ಈ ಆವೃತ್ತಿಯನ್ನು ಯಂತ್ರ ಕಂಡುಹಿಡಿಯುವುದು ಹೇಗೆ? ಧ್ವನಿತರಂಗದ ಎತ್ತರವನ್ನು ಸೆಕೆಂಡಿಗೆ 16,000 ಬಾರಿ ಅಳೆದು ಅಂಕೆಗಳ ಒಂದು ಸಾಲನ್ನು ಮಾಡಿಕೊಳ್ಳುತ್ತದೆ. ಬಳಿಕ ಆ ಸಾಲಿನ ಒಂದು ಪ್ರತಿಯನ್ನು ಮೂಲದ ಮೇಲಿಟ್ಟು, ಒಂದೊಂದೇ ಮನೆ ಸರಿಸುತ್ತ, ಎಷ್ಟು ಸರಿಸಿದಾಗ ಏರಿಗೆ ಏರು, ಇಳಿತಕ್ಕೆ ಇಳಿತ ಹೊಂದಿ ಕೂಡುತ್ತದೆಂದು ನೋಡುತ್ತದೆ. 64 ಮನೆ ಸರಿಸಿದಾಗ ಮೊದಲ ಬಾರಿಗೆ ಚೆನ್ನಾಗಿ ಹೊಂದಿತೆನ್ನೋಣ. ಆಗ ಒಂದು ಕಂಪನದ ಕಾಲ 16,000ರಲ್ಲಿ 64 ಭಾಗ, ಎಂದರೆ 0.004 ಸೆಕೆಂಡ್; ಆವೃತ್ತಿ 250. ಸೆಕೆಂಡಿಗೆ ಹಲವಾರು ಬಾರಿ ಹೀಗೆ ಲೆಕ್ಕ ಹಾಕಿ ಬಿಂದುಗಳನ್ನು ಕೂಡಿಸಿದರೆ ಮಾತಿನ ರಾಗ ಒಂದು ರೇಖೆಯಾಗಿ ಮೂಡುತ್ತದೆ.

ಈ ರಾಗದಿಂದ ಆಗುವ ಪ್ರಯೋಜನವೇನು? ಹಸುಗೂಸಿನೊಡನೆ ಮಾತನಾಡುವಾಗ ನಾವು ನಮಗರಿಯದೆಯೇ ದನಿಯನ್ನು ಎತ್ತರಿಸಿ, ಏರಿಳಿತವನ್ನು ಹಿಗ್ಗಿಸುತ್ತೇವೆ. ಆನ್ ಫರ್ನಾಲ್ಡ್ ಎಂಬ ಮನಶ್ಶಾಸ್ತ್ರಜ್ಞೆಯೂ ಆಕೆಯ ಸಹೋದ್ಯೋಗಿಗಳೂ ಫ್ರೆಂಚ್, ಇಟಾಲಿಯನ್, ಜರ್ಮನ್, ಜಪಾನಿ, ಇಂಗ್ಲಿಷ್ ಭಾಷೆಗಳ ತಂದೆತಾಯಿಗಳಲ್ಲಿ ಇದನ್ನು ಅಭ್ಯಾಸಮಾಡಿ 1989ರಲ್ಲಿ ಪ್ರಕಟಿಸಿದರು. ಮೆಚ್ಚುಗೆಯ ಮಾತು ಮೇಲೇರಿ ಕೆಳಗಿಳಿಯುತ್ತದೆ. ಗದರಿಕೆ ಮೊಟಕು, ತಗ್ಗು, ಬಿರುಸು. ಕರೆಯುವ ಮಾತು ಕೊನೆಯಲ್ಲಿ ಏರುತ್ತದೆ. ಸಮಾಧಾನದ ಮಾತು ನೀಳವಾಗಿ ಇಳಿಯುತ್ತ ಹೋಗುತ್ತದೆ. "ಅಯ್ಯೋ ನನ್ನ ಜಾಣಮರಿ" ಎಂಬುದನ್ನೂ "ಏ, ಬೇಡ!" ಎಂಬುದನ್ನೂ ಹೇಳಿ ನೋಡಿದರೆ ಈ ಭೇದ ನಿಮಗೇ ಸ್ಪಷ್ಟವಾಗುವುದು. ಪದಗಳ ಅರ್ಥ ತಿಳಿಯುವುದಕ್ಕೆ ಎಷ್ಟೋ ಮೊದಲೇ ಕೂಸಿಗೆ ಈ ರಾಗ ತಿಳಿಯುತ್ತದೆ.

ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಸಿಂಥಿಯಾ ಬ್ರಜೀಲ್ ಎಂಬಾಕೆ 1990ರ ದಶಕದ ಕೊನೆಯಲ್ಲಿ ರೂಪಿಸಿದ 'ಕಿಸ್ಮೆಟ್' ಎಂಬ ರೋಬಾಟು ಇದೇ ಉಪಾಯವನ್ನು ಬಳಸಿತು. ಹುಬ್ಬು, ಕಿವಿ, ರೆಪ್ಪೆ, ತುಟಿಗಳನ್ನು ಆಡಿಸಬಲ್ಲ ಆ ತಲೆ ಒಂದು ಪದದ ಅರ್ಥವನ್ನೂ ಅರಿಯದೆ, ದನಿಯ ರಾಗದಿಂದಲೇ ಮೆಚ್ಚುಗೆ, ಗದರಿಕೆಗಳನ್ನು ಬೇರ್ಪಡಿಸಿ, ಗದರಿದಾಗ ತಲೆ ತಗ್ಗಿಸುತ್ತಿತ್ತು. ಅದರೊಳಗೆ ಮೂರು 'ಬಯಕೆ'ಗಳನ್ನು ಇಟ್ಟಿದ್ದರು: ಜನರ ಸಂಗ, ಆಟದ ವಸ್ತುಗಳ ಚಲನೆ, ವಿಶ್ರಾಂತಿ. ಒಂದೊಂದು ಬಯಕೆಯೂ ನೀರಿನ ತೊಟ್ಟಿಯ ಮಟ್ಟದಂತೆ ಏರಿಳಿಯುವ ಒಂದು ಸಂಖ್ಯೆ. ಯಾರೂ ಹತ್ತಿರ ಬಾರದೆ ಮಟ್ಟ ಒಂದು ಕಡೆಗೆ ಸರಿದರೆ ಮುಖ ಬಾಡುತ್ತಿತ್ತು. ಕಂಡವರು ಮರುಗಿ ಹತ್ತಿರ ಬರುತ್ತಿದ್ದರು. ಬೊಂಬೆಯನ್ನು ಅದರ ಕಣ್ಣಿನ ಮುಂದೆ ಅತಿಯಾಗಿ ಆಡಿಸಿದರೆ ಹಿಂದಕ್ಕೆ ಸರಿಯುತ್ತಿತ್ತು. ಎದುರಿಗಿದ್ದವರು ಕೈಯನ್ನು ನಿಧಾನಗೊಳಿಸುತ್ತಿದ್ದರು. ರೋಬಾಟು ಜನರಿಗೆ ಉತ್ತರ ಕೊಡುತ್ತಿದ್ದಂತೆಯೇ ಜನರೂ ರೋಬಾಟಿಗೆ ಉತ್ತರ ಕೊಡುತ್ತಿದ್ದರು. ನಮ್ಮ ಎರಡು ಲೋಲಕಗಳ ದೃಷ್ಟಾಂತ ಇಲ್ಲಿ ಪ್ರತ್ಯಕ್ಷವಾಗುತ್ತದೆ.

ಹೊತ್ತರಿತ ಉತ್ತರ

ಉತ್ತರ ಯಾವುದು ಎಂಬುದಕ್ಕಿಂತ ಅದು ಯಾವಾಗ ಬರುತ್ತದೆ ಎಂಬುದು ಕೆಲವೊಮ್ಮೆ ಹೆಚ್ಚು ಮುಖ್ಯ. ಜಗತ್ತಿನ ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಆರಂಭವಾಗುವ ನಡುವಿನ ಅವಧಿ ಸರಾಸರಿ ಸೆಕೆಂಡಿನ ಐದರಲ್ಲೊಂದು ಭಾಗ. ಇಷ್ಟು ಸೂಕ್ಷ್ಮವಾದ ಕಾಲಜ್ಞಾನ ಮನುಷ್ಯನಿಗೆ ಎಂದಿನಿಂದ ಬಂದಿತು? ಲಿನ್ ಮರ್ರೆ ಮತ್ತು ಕಾಲ್ವಿನ್ ಟ್ರೆವಾರ್ಥನ್ ಎಂಬ ವಿಜ್ಞಾನಿಗಳು 1985ರಲ್ಲಿ ವರದಿಮಾಡಿದ ಪ್ರಯೋಗ ಇದಕ್ಕೆ ಬೆಳಕು ಬೀರುತ್ತದೆ. ಎರಡು ತಿಂಗಳ ಆಸುಪಾಸಿನ ಕೂಸುಗಳೂ ತಾಯಂದಿರೂ ಬೇರೆಬೇರೆ ಕೋಣೆಗಳಲ್ಲಿದ್ದು ಟೆಲಿವಿಷನ್ನಿನ ಮೂಲಕ ಪರಸ್ಪರ ನೋಡುವಂತೆ ಏರ್ಪಡಿಸಿದರು. ಕೂಸುಗಳು ನಲಿದುವು. ಅನಂತರ ಅದೇ ತಾಯಿಯ ಅದೇ ನಗುವನ್ನು ಮುದ್ರಣದಿಂದ ಮರಳಿ ತೋರಿಸಿದಾಗ ಅವು ಕಳವಳಗೊಂಡು ಮುಖ ತಿರುಗಿಸಿದುವು. ಮುಖ ಅದೇ, ದನಿಯೂ ಅದೇ. ಆದರೆ ಅದು ಕೂಸು ಈಗ ಮಾಡಿದುದಕ್ಕೆ ಕೊಟ್ಟ ಉತ್ತರವಾಗಿರಲಿಲ್ಲ.

ಒಡನಾಡಿ ರೋಬಾಟಿನ ಮರ್ಮವಿರುವುದು ಇಲ್ಲಿಯೇ. 'ನಾನು ಮಾಡಿದೆ, ಆದುದರಿಂದ ಅದು ಮಾಡಿತು' ಎಂಬ ಸಂಬಂಧ ಮಗುವಿಗೆ ಕಾಣಬೇಕು. ಹಾಗೆಂದು ಅದು ಗಡಿಯಾರದಂತೆ ನಿಯತವಾಗಿಯೂ ಇರಬಾರದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸ್ಯಾನ್ ಡೀಗೊ ಶಾಖೆಯ ಶಿಶುವಿಹಾರದಲ್ಲಿ ನಡೆಸಿ, 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದ ಪರೀಕ್ಷೆಯೊಂದು ಈ ಅಂಶವನ್ನು ಚೆನ್ನಾಗಿ ತೋರಿಸಿಕೊಟ್ಟಿತು. 18ರಿಂದ 24 ತಿಂಗಳ ಮಕ್ಕಳಿದ್ದ ಕೊಠಡಿಯಲ್ಲಿ 'ಕ್ಯೂರಿಯೊ' ಎಂಬ ಎರಡಡಿ ಎತ್ತರದ ಜಪಾನಿ ರೋಬಾಟನ್ನು ಐದು ತಿಂಗಳಿಗೂ ಹೆಚ್ಚು ಕಾಲ ಬಿಟ್ಟು ನೋಡಿದರು. ತಲೆ ಮುಟ್ಟಿದರೆ ಅದು ಕಿಲಕಿಲನೆ ನಗುತ್ತಿತ್ತು, ನಡೆಯುತ್ತಿತ್ತು, ಕುಣಿಯುತ್ತಿತ್ತು. ಮೊದಲ 27 ದಿನಗಳ ಕೂಟಗಳಲ್ಲಿ ಮಕ್ಕಳಿಗೂ ಅದಕ್ಕೂ ಒಡನಾಟ ಬೆಳೆಯುತ್ತ ಬಂದಿತು. ಮುಂದಿನ 15 ಕೂಟಗಳಲ್ಲಿ, ಮುಂದೇನು ಮಾಡುತ್ತದೆಂಬುದು ಮೊದಲೇ ತಿಳಿಯುವಂತೆ ಅದರ ಕ್ರಮವಿಧಿಯನ್ನು ಬದಲಾಯಿಸಿದರು. ಒಡನಾಟ ಬೇಗನೆ ಕುಸಿಯಿತು. ಕಡೆಯ 3 ಕೂಟಗಳಲ್ಲಿ ಹಳೆಯ ಸ್ವಭಾವವನ್ನು ಮರಳಿಸಿದಾಗ ಮತ್ತೆ ಚಿಗುರಿತು. ಅಷ್ಟು ಹೊತ್ತಿಗೆ ಮಕ್ಕಳು ಅದನ್ನು ಆಟದ ಸಾಮಾನಿನಂತಲ್ಲದೆ ತಮ್ಮ ಓರಗೆಯವರಂತೆಯೇ ಮುಟ್ಟಿ ಮಾತಾಡಿಸುತ್ತಿದ್ದರು. ರೋಬಾಟು ಮಲಗಿದಾಗ ಹೊದಿಕೆ ಹೊದಿಸುತ್ತಿದ್ದರು.

ಕಲಿಯುವುದೂ ಕಲಿತಂತೆ ತೋರುವುದೂ

ಹಾಗಾದರೆ ಆ ಯಂತ್ರಕ್ಕೆ ಮಗುವಿನ ಪರಿಚಯವಾಗಿದೆಯೆ? ಇಲ್ಲಿ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು. 1998ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ 'ಫರ್ಬಿ' ಎಂಬ ತುಪ್ಪುಳದ ಬೊಂಬೆ ಮೊದಮೊದಲು ತನ್ನದೇ ಒಂದು ಭಾಷೆಯನ್ನಾಡಿ, ದಿನಗಳೆದಂತೆ ಹೆಚ್ಚು ಹೆಚ್ಚು ಇಂಗ್ಲಿಷ್ ಪದಗಳನ್ನು ಆಡತೊಡಗುತ್ತಿತ್ತು. ತಮ್ಮ ಮಾತನ್ನು ಕೇಳಿ ಅದು ಕಲಿಯಿತೆಂದು ಮಕ್ಕಳಿರಲಿ, ದೊಡ್ಡವರೂ ನಂಬಿದರು. 1999ರ ಜನವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ, ಗುಟ್ಟುಗಳನ್ನು ಕೇಳಿ ಮರಳಿ ನುಡಿದೀತೆಂಬ ಅಂಜಿಕೆಯಿಂದ, ಫರ್ಬಿಗಳನ್ನು ತನ್ನ ಕಚೇರಿಗಳೊಳಕ್ಕೆ ತರಕೂಡದೆಂದು ವಿಧಿಸಿದುದೂ ಸುದ್ದಿಯಾಯಿತು. ವಾಸ್ತವದಲ್ಲಿ ಆ ಬೊಂಬೆಗೆ ಮಾತನ್ನು ಮುದ್ರಿಸಿಕೊಳ್ಳುವ ಶಕ್ತಿಯೇ ಇರಲಿಲ್ಲ. ಯಾವ ಪದ ಎಷ್ಟು ಹೊತ್ತಿನ ಆಟದ ಬಳಿಕ ಹೊರಬರಬೇಕೆಂಬುದನ್ನು ಕಾರ್ಖಾನೆಯಲ್ಲಿಯೇ ಗೊತ್ತುಮಾಡಿದ್ದರು. ಕಣ್ಣು, ಕಿವಿ, ಬಾಯಿಗಳನ್ನು ಆಡಿಸುತ್ತಿದ್ದುದು ಒಂದೇ ಒಂದು ಮೋಟಾರು.

ಕೆಲವು ಪ್ರಯೋಗಗಳಲ್ಲಿ ರೋಬಾಟಿನ ಹಿಂದೆ ಮನುಷ್ಯರೇ ಅಡಗಿರುವುದುಂಟು. ಪೀಟರ್ ಕಾನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 9, 12 ಮತ್ತು 15 ವರ್ಷಗಳ 90 ಮಂದಿ ಮಕ್ಕಳು 'ರೋಬೊವೀ' ಎಂಬ ರೋಬಾಟಿನೊಡನೆ ಆಡುತ್ತಿದ್ದಾಗ, ಪರೀಕ್ಷಕ ಆಟವನ್ನು ನಡುವೆಯೇ ನಿಲ್ಲಿಸಿ ಅದನ್ನು ಸಾಮಾನಿನ ಕೋಣೆಗೆ ಕಳುಹಿಸಿದ. ಇದು ನ್ಯಾಯವಲ್ಲ, ತನಗೆ ಕತ್ತಲೆಯೆಂದರೆ ಅಂಜಿಕೆ ಎಂದು ರೋಬಾಟು ಪ್ರತಿಭಟಿಸಿತು. ಹಾಗೆ ಕಳುಹಿಸಿದ್ದು ಸರಿಯಲ್ಲವೆಂದು ನೂರಕ್ಕೆ 54 ಮಂದಿ ಹೇಳಿದರು. ಮರೆಯಲ್ಲಿ ಕುಳಿತ ಕಾರ್ಯಕರ್ತರು ಆ ಮಾತುಗಳನ್ನು ಆಡಿಸುತ್ತಿದ್ದರು ಎಂಬುದು ಮಕ್ಕಳಿಗೆ ತಿಳಿಯದು.

ಈಚಿನ ಮಾತಾಡುವ ರೋಬಾಟುಗಳಲ್ಲಿ ಮನುಷ್ಯರು ಅಡಗಿರಬೇಕಾದ ಅಗತ್ಯವಿಲ್ಲ. ಅಪಾರ ಬರಹರಾಶಿಯಿಂದ, ಯಾವ ಪದದ ಬಳಿಕ ಯಾವ ಪದ ಬರುವ ಸಂಭವವೆಷ್ಟು ಎಂಬುದನ್ನು ಲೆಕ್ಕಹಾಕಿಕೊಂಡ ಗಣಕಗಳು ಉತ್ತರವನ್ನು ಹೆಣೆಯುತ್ತವೆ. ಆದರೆ ಆ ಗಣಕ ಬೊಂಬೆಯ ಹೊಟ್ಟೆಯಲ್ಲಿರದೆ ಅನೇಕ ವೇಳೆ ಎಲ್ಲಿಯೋ ದೂರದಲ್ಲಿರುತ್ತದೆ. ಅದರ ಖರ್ಚನ್ನು ಪ್ರತಿದಿನವೂ ಯಾರಾದರೂ ಹೊರಬೇಕು. ಮಕ್ಕಳಿಗಾಗಿಯೇ ತಯಾರಾದ 'ಮಾಕ್ಸಿ' ಎಂಬ ಅಮೆರಿಕದ ರೋಬಾಟಿನ ತಯಾರಕರು, ಹಣ ಒದಗದ ಕಾರಣ ಸಂಸ್ಥೆಯನ್ನು ಮುಚ್ಚುವುದಾಗಿಯೂ ರೋಬಾಟುಗಳು ಕೆಲಸ ನಿಲ್ಲಿಸಬಹುದೆಂದೂ 2024ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ನಿತ್ಯವೂ ಮಾತಾಡುತ್ತಿದ್ದ ಗೆಳೆಯ ಏಕೆ ಮೌನಿಯಾಗುವನೆಂಬುದನ್ನು ಮಕ್ಕಳಿಗೆ ವಿವರಿಸುವ ಭಾರ ತಂದೆತಾಯಿಗಳ ಮೇಲೆ ಬಿತ್ತು.

ಪೆಟ್ಟಿಗೆ ಉತ್ತರವೇನು?

ಮಕ್ಕಳು ಯಾವಾಗಲೂ ಹೊದಿಕೆ ಹೊದಿಸುತ್ತಾರೆಂದು ತಿಳಿಯಬಾರದು. ಜಪಾನಿನ ಓಸಾಕ ನಗರದ ವ್ಯಾಪಾರ ಮಳಿಗೆಯೊಂದರಲ್ಲಿ ಓಡಾಡುತ್ತಿದ್ದ ರೋಬೊವೀ ಜಾತಿಯ ರೋಬಾಟಿಗೆ ಕೆಲವು ಮಕ್ಕಳು ಅಡ್ಡಗಟ್ಟಿದರು, ಬೈದರು, ಒದ್ದರು. ದಾರಿ ಬಿಡಿರೆಂಬ ಅದರ ವಿನಯದ ಮಾತಿಗೆ ಬೆಲೆ ಸಿಕ್ಕಲಿಲ್ಲ. ಹತ್ತಿರ ಹಿರಿಯರಿಲ್ಲದೆ ಮಕ್ಕಳು ಗುಂಪುಗೂಡಿದಾಗ ಇದು ಹೆಚ್ಚೆಂದು ಕಂಡ ಸಂಶೋಧಕರು ರೋಬಾಟಿಗೆ ಹೊಸದೊಂದು ನಿಯಮವನ್ನು ವಿಧಿಸಿ 2015ರಲ್ಲಿ ವರದಿಮಾಡಿದರು: ಎದುರಿಗಿರುವವರ ಎತ್ತರವನ್ನು ಅಳೆದು, ಚಿಕ್ಕವರು ಸುತ್ತುಗಟ್ಟಿ ಕಿರುಕುಳದ ಸಂಭವ ಏರಿದೆಯೆಂದು ಲೆಕ್ಕದಿಂದ ತಿಳಿದೊಡನೆ ಯಾರಾದರೂ ಎತ್ತರದ ವ್ಯಕ್ತಿಯ ಬಳಿಗೆ ಹೋಗಿ ನಿಲ್ಲುವುದು! ಅಣ್ಣಂದಿರ ಕಾಟ ತಾಳದೆ ಅಮ್ಮನ ಸೆರಗಿನ ಹಿಂದೆ ಅಡಗುವ ಕಿರಿಯ ಮಗನ ಉಪಾಯವೇ ಇದು.

ಹಾಗೆ ಕಾಟಕೊಟ್ಟ ಮಕ್ಕಳಲ್ಲಿ 23 ಮಂದಿಯನ್ನು ಸಂಶೋಧಕರು ವಿಚಾರಿಸಿದರು. 'ಅದು ಬರಿಯ ಯಂತ್ರ, ಆದುದರಿಂದ ಒದ್ದೆ' ಎಂಬ ಉತ್ತರವನ್ನು ನಾವು ನಿರೀಕ್ಷಿಸಬಹುದು. ಆದರೆ ಬಹುಮಂದಿ ಅದನ್ನು ಮನುಷ್ಯನಂಥದೆಂದೇ ಎಣಿಸಿದ್ದರು. ತಾವು ಮಾಡಿದುದು ಅದಕ್ಕೆ ತಿಳಿಯುತ್ತದೆಂದು ಸುಮಾರು ಅರ್ಧದಷ್ಟು ಮಂದಿ ನಂಬಿದ್ದರು. ಅದೇನು ಮಾಡೀತೆಂದು ನೋಡುವ ಕುತೂಹಲವನ್ನೂ ಕಾಟಕೊಡುವುದರ ಸಂತೋಷವನ್ನೂ ಅವರು ಕಾರಣವಾಗಿ ಹೇಳಿದರು. ಯಂತ್ರವನ್ನು ಮನುಷ್ಯನಂತೆ ಮಾಡಿದರೆ ಸಾಕು, ಮಕ್ಕಳು ತಾವಾಗಿ ದಯೆ ತೋರುತ್ತಾರೆ ಎಂಬ ನಂಬಿಕೆ ಇದರಿಂದ ಸಡಿಲವಾಗುತ್ತದೆ.

ಹಾಗಾದರೆ ಹೊಡೆದಾಗ ರೋಬಾಟು ಏನು ಮಾಡಬೇಕು? ಚೀರಿದರೆ ಕುತೂಹಲಕ್ಕೆ ಬಹುಮಾನ ಸಿಕ್ಕಂತಾಗಿ ಮತ್ತೊಂದು ಪೆಟ್ಟು ಬೀಳಬಹುದು. ಏನೂ ಆಗದಂತೆ ಆಟ ಮುಂದುವರಿಸಿದರೆ, ನೋಡಲು ಜೀವವಿದ್ದಂತಿರುವುದನ್ನು ಹೊಡೆದರೂ ಬಾಧಕವಿಲ್ಲವೆಂಬ ಪಾಠವಾದೀತು. ಮರಳಿ ಹೊಡೆಯುವಂತೆ ಮಾಡುವುದು ಸರ್ವಥಾ ಸಲ್ಲದು. ದಕ್ಷಿಣ ಕೊರಿಯದ ಇಂಜಿನಿಯರುಗಳು 2018ರಲ್ಲಿ ತೋರಿಸಿದ ದಾರಿ ಬೇರೆ. ಅವರು ಕಟ್ಟಿದ ರೋಬಾಟೂ ಆಮೆಯೇ, ಹೆಸರು 'ಶೆಲ್ಲಿ'. ಹಲವು ಮಕ್ಕಳು ಒಟ್ಟಿಗೆ ಸುತ್ತ ಕುಳಿತು ಆಡಬಹುದಾದ ಅದರ ಚಿಪ್ಪಿನಲ್ಲಿ ದೀಪಗಳೂ ಸ್ಪರ್ಶವನ್ನು ಅರಿಯುವ ಸಂವೇದಕಗಳೂ ಇದ್ದುವು. ಸವರಿದರೆ ದೀಪಗಳು ಬೆಳಗುತ್ತಿದ್ದುವು, ತಲೆ ಕೈಕಾಲುಗಳು ಕುಣಿಯುತ್ತಿದ್ದುವು. ಹೊಡೆದರೆ ತಲೆಯನ್ನೂ ಕೈಕಾಲುಗಳನ್ನೂ ಚಿಪ್ಪಿನೊಳಕ್ಕೆ ಎಳೆದುಕೊಂಡು ಸುಮ್ಮನಾಗಿಬಿಡುತ್ತಿತ್ತು. ಎಷ್ಟು ಹೊತ್ತು? 7, 14, 28 ಸೆಕೆಂಡುಗಳನ್ನು ಪರೀಕ್ಷಿಸಿ 14 ಸೆಕೆಂಡು ತಕ್ಕುದೆಂದು ಕಂಡುಕೊಂಡರು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಬೇಗ ಹೊರಬಂದರೆ ಅಡಗುವುದೂ ಒಂದು ಆಟವಾಗುತ್ತದೆ. ಬಹಳ ತಡಮಾಡಿದರೆ ಮಕ್ಕಳು ಬೇಸತ್ತು ಎದ್ದುಹೋಗುತ್ತಾರೆ. ಒಬ್ಬ ಹೊಡೆದರೆ ಎಲ್ಲರ ಆಟವೂ ನಿಲ್ಲುತ್ತಿತ್ತಾದ್ದರಿಂದ ಪಕ್ಕದ ಮಕ್ಕಳಿಗೂ ಅವನನ್ನು ತಡೆಯಲು ಕಾರಣವಿತ್ತು.

ಚಕ್ರದ ಇನ್ನೊಂದು ಅರ್ಧ

ಇಲ್ಲಿಯವರೆಗೆ ಮಗುವಿನಿಂದ ಯಂತ್ರದ ಕಡೆಗೆ ಹೋಗುವ ದಾರಿಯನ್ನೇ ಹೆಚ್ಚಾಗಿ ನೋಡಿದೆವು. ಯಂತ್ರದಿಂದ ಮಗುವಿನ ಕಡೆಗೆ ಬರುವ ದಾರಿಯೂ ಅಷ್ಟೇ ಬಲವಾದುದು. 2018ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 7ರಿಂದ 9 ವರ್ಷದ ಮಕ್ಕಳಿಗೆ, ಗೆರೆಗಳಲ್ಲಿ ಯಾವುದು ಯಾವುದಕ್ಕೆ ಸಮವೆಂದು ಹೇಳುವ ಸುಲಭದ ಕೆಲಸವನ್ನು ಕೊಟ್ಟರು. ಒಬ್ಬರೇ ಇದ್ದಾಗ ನೂರಕ್ಕೆ 87 ಉತ್ತರಗಳು ಸರಿಯಾಗಿದ್ದುವು. ಪಕ್ಕದಲ್ಲಿ ಕೂತ ಪುಟ್ಟ ರೋಬಾಟುಗಳು ಒಂದೇ ಬಾಯಿಂದ ತಪ್ಪು ಹೇಳತೊಡಗಿದಾಗ ಸರಿಯುತ್ತರಗಳು 75ಕ್ಕೆ ಇಳಿದುವು. ತಪ್ಪುತ್ತರಗಳಲ್ಲಿ ನೂರಕ್ಕೆ 74 ರೋಬಾಟುಗಳು ಹೇಳಿದುದೇ ಆಗಿದ್ದುವು. ವಯಸ್ಕರು ಅದೇ ರೋಬಾಟುಗಳಿಗೆ ಬಗ್ಗಲಿಲ್ಲ. ಮಕ್ಕಳ ಕಣ್ಣಿನ ಸಾಕ್ಷಿಯನ್ನೂ ಅಲುಗಿಸಬಲ್ಲ ಒಡನಾಡಿ, ಯಾವ ಬೆಲ್ಲ ಒಳ್ಳೆಯದು, ಯಾವ ಮಾತು ನಿಜ ಎಂಬುದನ್ನೂ ಹೇಳಿಕೊಡಬಲ್ಲುದಲ್ಲವೆ? ಕೇಳಿಸಿಕೊಳ್ಳುವ ಬೊಂಬೆ ಕೇಳಿದುದನ್ನು ಎಲ್ಲಿಗೆ ಕಳುಹಿಸುತ್ತದೆಂಬ ಪ್ರಶ್ನೆಯೂ ಇದೆ. 'ಕೇಲಾ' ಎಂಬ ಮಾತಾಡುವ ಬೊಂಬೆಯನ್ನು ಗುಪ್ತವಾಗಿ ಆಲಿಸುವ ಸಾಧನವೆಂದು ಎಣಿಸಿ ಜರ್ಮನಿಯ ಅಧಿಕಾರಿಗಳು 2017ರಲ್ಲಿ ನಿಷೇಧಿಸಿದುದು ಈ ಕಾರಣಕ್ಕಾಗಿಯೇ.

ಇದರಿಂದ ಒಡನಾಡಿ ರೋಬಾಟುಗಳು ಕೆಟ್ಟವೆಂದು ತೀರ್ಮಾನಿಸುವುದು ಸರಿಯಲ್ಲ. ಮನುಷ್ಯರ ಮುಖದ ಗೊಂದಲಕ್ಕೆ ಬೆದರುವ ಕೆಲವು ಮಕ್ಕಳಿಗೆ ಸರಳವಾದ ಮುಖದ ರೋಬಾಟು ಆಟದ ಮೊದಲ ಮೆಟ್ಟಿಲಾಗಬಹುದೆಂಬ ಆಶೆಯಿಂದ ಜಪಾನಿನಲ್ಲಿಯೂ ಬೇರೆಡೆಯಲ್ಲಿಯೂ ಪ್ರಯೋಗಗಳು ನಡೆದಿವೆ. ನಾವು ತಿಳಿಯಬೇಕಾದುದು ಇಷ್ಟೆ: ಇಂಥ ಯಂತ್ರದ ನಗುವಿನಲ್ಲಿಯೂ ಮುನಿಸಿನಲ್ಲಿಯೂ ಯಂತ್ರದ ಇಷ್ಟಾನಿಷ್ಟಗಳಿಲ್ಲ, ಅದನ್ನು ಕಟ್ಟಿದವರ ಇಷ್ಟಾನಿಷ್ಟಗಳಿವೆ. ಆದುದರಿಂದ ಇಂಥದೊಂದು ಬೊಂಬೆ ನಿಮ್ಮ ಮನೆಯ ತಮ್ಮನಿಗೋ ತಂಗಿಗೋ ದೊರೆತರೆ ಮೂರು ಪ್ರಶ್ನೆಗಳನ್ನು ಕೇಳಿರಿ. ಇದು ಏನನ್ನು ಗ್ರಹಿಸುತ್ತದೆ? ಯಾವ ನಿಯಮದಂತೆ ಉತ್ತರಿಸುತ್ತದೆ? ಆ ನಿಯಮವನ್ನು ಬರೆದವರು ಬಯಸಿದುದು ಮಗುವಿನ ಹಿತವನ್ನೋ, ಮಗು ಬೊಂಬೆಯನ್ನು ಬಿಟ್ಟೇಳದಿರುವುದನ್ನೋ?

ಅಜ್ಜಿಯ ನೆಲದ ಕಥೆಯಲ್ಲಿ ಉತ್ತರ ಕೊಟ್ಟುದು ನೆಲವಲ್ಲ, ಅಜ್ಜಿ. ಯಾವಾಗ ನೆಲಕ್ಕೆ ಹೊಡೆಯಬೇಕು, ಯಾವಾಗ 'ಸಾಕು, ಪಾಪ ನೆಲ' ಎನ್ನಬೇಕು ಎಂಬುದು ಅವಳಿಗೆ ಗೊತ್ತಿತ್ತು; ಮಗುವನ್ನು ಅವಳು ಬಲ್ಲಳು. ಆಮೆ ಚಿಪ್ಪಿನೊಳಗೆ ಏಳು ಸೆಕೆಂಡು ಇರಬೇಕೋ ಹದಿನಾಲ್ಕೋ ಎಂಬುದನ್ನು ಮಾತ್ರ, ಆ ಮಗುವನ್ನು ಎಂದೂ ಕಾಣದ ಒಬ್ಬ ಇಂಜಿನಿಯರು ಮುಂಚಿತವಾಗಿ ನಿಶ್ಚಯಿಸಬೇಕು. ಈ ಲೇಖನವನ್ನು ಓದುತ್ತಿರುವವರಲ್ಲಿ ಕೆಲವರು ಮುಂದೆ ಅಂಥ ಇಂಜಿನಿಯರುಗಳಾಗುವಿರಿ. ಕೊರಿಯದವರು ಮಾಡಿದಂತೆ, ಆ ಅಂಕೆಯನ್ನು ಬರೆಯುವ ಮೊದಲು ಮಕ್ಕಳ ನಡುವೆ ಕುಳಿತು ಸ್ವಲ್ಪ ಹೊತ್ತು ನೋಡಿರಿ.